ಪದಕ ಗೆದ್ದ ಹುಡುಗರು ಎಲ್ಲಿಗೆ ಹೋದರು?

2023ರ ನವೆಂಬರ್ 17 ನೆನಪಿದೆಯಾ? ಅಮೆರಿಕದಲ್ಲಿ ಶುಕ್ರವಾರ ಮಧ್ಯಾಹ್ನ, ನಮ್ಮಲ್ಲಿ ಆಗಲೇ ಮಧ್ಯರಾತ್ರಿ ದಾಟಿತ್ತು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ತನ್ನ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರನ್ನು ಏಕಾಏಕಿ ಮನೆಗೆ ಕಳಿಸಿತು. ಐದು ದಿನದೊಳಗೆ ಅವರು ವಾಪಸ್ ಬಂದರು. ಎಲ್ಲ ಚಾನೆಲ್‌ಗಳೂ ಆಲ್ಟ್‌ಮನ್ ಮುಖವನ್ನೇ ತೋರಿಸಿದವು. ಆದರೆ ಆ ಸುದ್ದಿಯ ಹೊಟ್ಟೆಯೊಳಗೆ ಇನ್ನೊಂದು ಸುದ್ದಿ ಇತ್ತು. ಅದನ್ನು ಯಾರೂ ಬ್ರೇಕಿಂಗ್ ಅಂತ ಹಾಕಲಿಲ್ಲ.

ಆಲ್ಟ್‌ಮನ್ ಅವರನ್ನು ತೆಗೆದ ಮಂಡಳಿಯಲ್ಲಿ ಆಡಮ್ ಡಿ'ಏಂಜೆಲೊ ಅಂತ ಒಬ್ಬರಿದ್ದರು. ಫೇಸ್‌ಬುಕ್‌ನ ಮೊದಲ ದಿನಗಳಲ್ಲಿ ಅಲ್ಲಿನ ಮುಖ್ಯ ತಂತ್ರಜ್ಞಾನ ಅಧಿಕಾರಿ, ಆಮೇಲೆ ಕೋರಾ ಕಟ್ಟಿದವರು. ಮಂಡಳಿಯ ಆ ತೀರ್ಮಾನವನ್ನು ವಿರೋಧಿಸಿ ಅದೇ ರಾತ್ರಿ ರಾಜೀನಾಮೆ ಬಿಸಾಕಿ ಹೊರಟವರಲ್ಲಿ ಯಾಕುಬ್ ಪಹೋತ್ಸ್ಕಿ ಅಂತ ಒಬ್ಬ ಪೋಲಿಷ್ ತರುಣ. ಆಲ್ಟ್‌ಮನ್ ಮರಳಿದ ಮೇಲೆ ಡಿ'ಏಂಜೆಲೊ ಮಂಡಳಿಯಲ್ಲೇ ಉಳಿದರು. ಪಹೋತ್ಸ್ಕಿ ವಾಪಸ್ ಬಂದು ಆರೇ ತಿಂಗಳಲ್ಲಿ ಕಂಪನಿಯ ಮುಖ್ಯ ವಿಜ್ಞಾನಿ ಆದರು. ಇಬ್ಬರೂ ಎದುರುಬದುರು ಪಾಳಯ. ಆದರೆ ಬಂದ ಗರಡಿ ಒಂದೇ. ಡಿ'ಏಂಜೆಲೊ 2002ರಲ್ಲಿ ಶಾಲಾ ವಿದ್ಯಾರ್ಥಿಗಳ ಅಂತಾರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ಅಮೆರಿಕಕ್ಕೆ ಬೆಳ್ಳಿ ತಂದವರು. ಪಹೋತ್ಸ್ಕಿ 2012ರಲ್ಲಿ ಗೂಗಲ್‌ನ ಕೋಡ್ ಜಾಮ್ ಗೆದ್ದವರು.

ಕಾಂಪಿಟಿಟಿವ್ ಪ್ರೋಗ್ರಾಮಿಂಗ್, ನಮ್ಮ ಕಾಲೇಜು ಹುಡುಗರ ಬಾಯಲ್ಲಿ ಬರೀ 'ಸಿಪಿ', ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ನಮಗೆಲ್ಲ ಗೊತ್ತಿರುವ ಒಂದು ಉದಾಹರಣೆ ತಗೊಳ್ಳೋಣ. ಒಂದು ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ 2 ಲಕ್ಷ ಹೆಸರು ಇವೆ ಅಂತ ಇಟ್ಟುಕೊಳ್ಳಿ. ಒಂದೇ ಹೆಸರು ಎರಡು ಸಲ ಬಂದಿದೆಯಾ ಅಂತ ಕಂಪ್ಯೂಟರ್ ಹುಡುಕಬೇಕು. ಸುಲಭದ ದಾರಿ ಯಾವುದು? ಪ್ರತಿ ಹೆಸರನ್ನೂ ಉಳಿದ ಎಲ್ಲ ಹೆಸರಿನ ಜೊತೆ ಹೋಲಿಸೋದು. 2 ಲಕ್ಷ ಗುಣಿಸು 2 ಲಕ್ಷ, ಅಂದರೆ 4000 ಕೋಟಿ ಹೋಲಿಕೆ. ಸೆಕೆಂಡಿಗೆ 10 ಕೋಟಿ ಹೋಲಿಕೆ ಮಾಡಿದರೂ 400 ಸೆಕೆಂಡು ಬೇಕು. ಸ್ಪರ್ಧೆಯಲ್ಲಿ ನಿಮಗೆ ಕೊಡೋದು ಒಂದೋ ಎರಡೋ ಸೆಕೆಂಡು! ಅದೇ ಪಟ್ಟಿಯನ್ನು ಮೊದಲು ಅಕಾರಾದಿಯಾಗಿ ಜೋಡಿಸಿಬಿಟ್ಟರೆ ಒಂದೇ ಥರದ ಹೆಸರುಗಳು ಪಕ್ಕಪಕ್ಕ ಬಂದು ಕೂರುತ್ತವೆ. ಆಗ ಬೇಕಾಗೋದು ಕೆಲವೇ ಹತ್ತು ಲಕ್ಷ ಹೆಜ್ಜೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗೀತು. ಇದು ಅಂಗನವಾಡಿ ಮಟ್ಟದ ಪ್ರಶ್ನೆ. ನಿಜವಾದ ಸ್ಪರ್ಧೆಯಲ್ಲಿ ಇಂಥ ದಾರಿ ಹುಡುಕೋಕೆ ಗಂಟೆಗಟ್ಟಲೆ ತಲೆ ಕೆರೆದುಕೊಳ್ಳಬೇಕು.

ಇನ್ನೊಂದು ವಿಷಯ ಇಲ್ಲಿ ಬಹಳ ಮುಖ್ಯ, ಇದನ್ನು ಮರೆಯಬೇಡಿ, ಕೊನೆಗೆ ಬೇಕಾಗುತ್ತದೆ. ಇಲ್ಲಿ ಉತ್ತರ ತಿದ್ದುವವರು ಮನುಷ್ಯರಲ್ಲ. ನೀವು ಬರೆದ ಪ್ರೋಗ್ರಾಮನ್ನು ಒಂದು ಯಂತ್ರ, ಅದಕ್ಕೆ 'ಜಡ್ಜ್' ಅಂತಲೇ ಹೆಸರು, ಬಚ್ಚಿಟ್ಟ ಪರೀಕ್ಷೆಗಳ ಮೇಲೆ ಓಡಿಸಿ ನೋಡುತ್ತದೆ. ಸರಿ ಅಥವಾ ತಪ್ಪು. ಶಿಫಾರಸು ಇಲ್ಲ, ಜಾತಿ ಇಲ್ಲ, ಮುಲಾಜಿಲ್ಲ. ನಾನೂ ಇಂಜಿನಿಯರಿಂಗ್ ಓದಿದವನೇ. 'ಟೈಮ್ ಲಿಮಿಟ್ ಎಕ್ಸೀಡೆಡ್' ಅನ್ನೋ ಆ ಕೆಂಪಕ್ಷರ ನೋಡಿದವರಿಗೆ ಟಿಆರ್‌ಪಿ ಪಟ್ಟಿ ನೋಡೋದು ಏನೂ ಕಷ್ಟ ಅನಿಸೋದಿಲ್ಲ ಬಿಡಿ.

ಈ ಗರಡಿಯ ಇತಿಹಾಸ ಸಿಲಿಕಾನ್ ವ್ಯಾಲಿಯಲ್ಲಿ ಶುರುವಾಗಿಲ್ಲ ಅನ್ನೋದು ನನಗೆ ತುಂಬಾ ಇಷ್ಟವಾದ ಸಂಗತಿ. ಕಾಲೇಜುಗಳ ಸ್ಪರ್ಧೆ, ಅಂದರೆ ಐಸಿಪಿಸಿ, 1970ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹುಟ್ಟಿತು ನಿಜ. ಮೂವರು ಹುಡುಗರು, ಒಂದೇ ಕಂಪ್ಯೂಟರ್, ಐದು ಗಂಟೆ ಅನ್ನುವುದು ಅದರ ಪದ್ಧತಿ. ಆದರೆ ಶಾಲಾ ಮಕ್ಕಳ ಒಲಿಂಪಿಯಾಡ್ ಹುಟ್ಟಿದ್ದು 1989ರ ಮೇ ತಿಂಗಳಲ್ಲಿ, ಕಮ್ಯುನಿಸ್ಟ್ ಬಲ್ಗೇರಿಯಾದ ಪ್ರಾವೆಟ್ಸ್ ಎಂಬ ಸಣ್ಣ ಊರಲ್ಲಿ. ಆ ದೇಶವನ್ನು ದಶಕಗಟ್ಟಲೆ ಆಳಿದ ತೋದೊರ್ ಝಿವ್‌ಕೋವ್ ಹುಟ್ಟಿದ ಊರದು. ನಾಯಕರ ಹುಟ್ಟೂರು ಅಂದಮೇಲೆ ಕೇಳಬೇಕೆ, ಕಾರ್ಖಾನೆ ಬಂತು, ಆಪಲ್ ಕಂಪ್ಯೂಟರಿನ ನಕಲು ಮಾಡಿ 'ಪ್ರಾವೆಟ್ಸ್' ಅಂತ ಊರಿನ ಹೆಸರಿನಲ್ಲೇ ಮಾರಿದರು. 13 ದೇಶದ ಮಕ್ಕಳು ಅಲ್ಲಿ ಸೇರಿದರು. ಅದೇ ವರ್ಷದ ನವೆಂಬರ್‌ನಲ್ಲಿ ಝಿವ್‌ಕೋವ್ ಕುರ್ಚಿ ಹೋಯಿತು, ವ್ಯವಸ್ಥೆಯೂ ಹಿಂದೆಯೇ ಹೋಯಿತು. ಸ್ಪರ್ಧೆ ಮಾತ್ರ ಉಳಿಯಿತು.

ಯಾಕೆ ಪೂರ್ವ ಯುರೋಪ್? ನನ್ನ ಲೆಕ್ಕಾಚಾರ ಇಷ್ಟೇ. ಅಲ್ಲಿ ಗಣಿತದ ಶಾಲೆಗಳು ಗಟ್ಟಿಯಾಗಿದ್ದವು, ಯಂತ್ರಗಳು ಕಡಿಮೆ ಇದ್ದವು. ಕಂಪ್ಯೂಟರ್ ನಿಧಾನವಾಗಿದ್ದಾಗ ತಲೆಯೇ ಓಡಬೇಕು.

ಆ ನೆಲದ ದೊಡ್ಡ ಬೆಳೆ ಅಂದರೆ ನಿಕೊಲಾಯ್ ದುರೊವ್. ಟೆಲಿಗ್ರಾಂ ಅಂದ ಕೂಡಲೇ ನಮಗೆ ನೆನಪಾಗೋದು ತಮ್ಮ ಪಾವೆಲ್. ಕಪ್ಪು ಬಟ್ಟೆ, 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಬಳಿ ಬಂಧನ, ಎಲ್ಲ ಸುದ್ದಿಯೂ ಆತನದೇ. ಅಣ್ಣ ನಿಕೊಲಾಯ್ ಕ್ಯಾಮೆರಾ ಮುಂದೆ ಬರೋದೇ ಅಪರೂಪ. ಗಣಿತ ಒಲಿಂಪಿಯಾಡ್‌ನಲ್ಲಿ ಮೂರು ಚಿನ್ನ, ಪ್ರೋಗ್ರಾಮಿಂಗ್ ಒಲಿಂಪಿಯಾಡ್‌ನಲ್ಲೂ ಚಿನ್ನ, ಆಮೇಲೆ 2000 ಮತ್ತು 2001ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಸರ್ಕಾರಿ ವಿಶ್ವವಿದ್ಯಾಲಯದ ತಂಡದಲ್ಲಿ ಸತತ ಎರಡು ಸಲ ಐಸಿಪಿಸಿ ವಿಶ್ವ ಚಾಂಪಿಯನ್. ತಮ್ಮ 2006ರಲ್ಲಿ ವಿಕೆ ಎಂಬ ಸಾಮಾಜಿಕ ಜಾಲತಾಣ ಕಟ್ಟಿದಾಗ ತಂತ್ರಜ್ಞಾನದ ಭಾರ ಹೊತ್ತವರು ಈ ಅಣ್ಣ. 2013ರಲ್ಲಿ ಟೆಲಿಗ್ರಾಂ ಬಂದಾಗ ಸಂದೇಶವನ್ನು ಗುಪ್ತವಾಗಿ ಸಾಗಿಸುವ ಅದರ ಎಂಟಿಪ್ರೋಟೊ ವಿಧಾನ ರೂಪಿಸಿದವರೂ ಇವರೇ. ನಿಮ್ಮ ಫೋನಿನಲ್ಲಿ ಟೆಲಿಗ್ರಾಂ ಇದ್ದರೆ, ಒಬ್ಬ ಹಳೇ ಸ್ಪರ್ಧಿಯ ಕೈಕೆಲಸ ನಿಮ್ಮ ಜೇಬಿನಲ್ಲೇ ಇದೆ.

ರೊಮೇನಿಯಾದಲ್ಲಿ ಹುಟ್ಟಿದ ಮತೇಯ್ ಜಹಾರಿಯಾ ಕಥೆ ಬೇರೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ತಂಡದಲ್ಲಿ 2005ರ ಐಸಿಪಿಸಿ ಫೈನಲ್‌ನಲ್ಲಿ ವಿಶ್ವಕ್ಕೇ ನಾಲ್ಕನೇ ಸ್ಥಾನ. 2009ರಲ್ಲಿ ಬರ್ಕ್ಲಿಯಲ್ಲಿ ಪಿಎಚ್‌ಡಿ ಮಾಡುವಾಗ ಸ್ಪಾರ್ಕ್ ಎಂಬ ಸಾಫ್ಟ್‌ವೇರ್ ಶುರು ಮಾಡಿದರು. ರಾಶಿ ರಾಶಿ ಮಾಹಿತಿಯನ್ನು ನೂರಾರು ಯಂತ್ರಗಳಿಗೆ ಹಂಚಿ ಬೇಗ ಲೆಕ್ಕ ಮಾಡಿಸೋದು ಅದರ ಕೆಲಸ. ಮತದಾರರ ಪಟ್ಟಿಯ ಅದೇ ಪ್ರಶ್ನೆ, ಗಾತ್ರ ಮಾತ್ರ ಭಯಂಕರ. ಹೊರವರ್ತುಲ ರಸ್ತೆಯ ಯಾವುದೇ ಐಟಿ ಕಂಪನಿಯಲ್ಲಿ 'ಡೇಟಾ ಇಂಜಿನಿಯರ್' ಅಂತ ಬೋರ್ಡು ಹಾಕಿಕೊಂಡವರನ್ನು ಕೇಳಿ ನೋಡಿ, ಸ್ಪಾರ್ಕ್ ಅಂದರೆ ಅವರಿಗೆ ಅನ್ನ. ಚೀನಾದ ಟಿಯಾನ್‌ಚೆಂಗ್ ಲೌ 2008, 2009ರಲ್ಲಿ ಕೋಡ್ ಜಾಮ್ ಗೆದ್ದು, ಆಮೇಲೆ ಚಾಲಕನಿಲ್ಲದ ಕಾರು ಓಡಿಸುವ ಪೋನಿ ಡಾಟ್ ಎಐ ಕಂಪನಿಯ ಸಹಸಂಸ್ಥಾಪಕರಾದರು.

ಹಾಗಂತ ಪದಕ ಗೆದ್ದವರೆಲ್ಲ ಕೋಟ್ಯಧಿಪತಿ ಆದರು ಅಂತ ತಿಳಿಯಬೇಡಿ. ರೊಮೇನಿಯಾದ ಇನ್ನೊಬ್ಬ ಹುಡುಗ, ಮಿಹಾಯ್ ಪತ್ರಶ್ಕು. ಒಲಿಂಪಿಯಾಡ್ ಪದಕ ಗೆದ್ದು ಎಂಐಟಿಗೆ ಹೋದವರು. ಎಲ್ಲರೂ 'ಇದನ್ನು ಇನ್ನೂ ಬೇಗ ಮಾಡೋದು ಹೇಗೆ' ಅಂತ ಕೇಳುತ್ತಿದ್ದರೆ, ಈತ ಕೇಳಿದ್ದು 'ಇದಕ್ಕಿಂತ ಬೇಗ ಮಾಡೋಕೆ ಸಾಧ್ಯವೇ ಇಲ್ಲ ಅಂತ ಸಾಬೀತು ಮಾಡೋದು ಹೇಗೆ' ಅಂತ. ಅದನ್ನು ಮಾಡಿ ತೋರಿಸಿದರು ಕೂಡ. 2012ರಲ್ಲಿ ಯುವ ವಿಜ್ಞಾನಿಗಳಿಗೆ ಕೊಡುವ ಪ್ರೆಸ್‌ಬರ್ಗರ್ ಪ್ರಶಸ್ತಿ ಅವರಿಗೆ ಸಿಕ್ಕಿತು. ಅದೇ ವರ್ಷದ ಜೂನ್‌ನಲ್ಲಿ ಮೆದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 29. ಈ ಇಡೀ ಸಾಲಿನಲ್ಲಿ ಅತಿ ದೊಡ್ಡ ತಲೆ ಯಾರದು ಅಂತ ನನ್ನನ್ನು ಕೇಳಿದರೆ ನಾನು ಹೇಳೋದು ಈ ಹೆಸರು. ಇದರಲ್ಲಿ ಷೇರು ಮಾರುಕಟ್ಟೆಯ ಸುದ್ದಿ ಇಲ್ಲ, ಹಾಗಾಗಿ ನೀವು ಕೇಳಿರೋದಿಲ್ಲ.

ಇನ್ನು ಗೂಗಲ್‌ನ ಸಂಶೋಧನಾ ನಿರ್ದೇಶಕರಾಗಿದ್ದ ಪೀಟರ್ ನಾರ್ವಿಗ್ ಒಂದು ಭಾಷಣದಲ್ಲಿ ಹೇಳಿದ ಮಾತು ಹುಡುಗರ ಎದೆಗೆ ಬಾಣ ಬಿಟ್ಟಿತ್ತು. ಗೂಗಲ್‌ನಲ್ಲಿ ಕೆಲಸಕ್ಕೆ ಸೇರಿದವರ ಲೆಕ್ಕ ನೋಡಿದರೆ, ಪ್ರೋಗ್ರಾಮಿಂಗ್ ಸ್ಪರ್ಧೆ ಗೆದ್ದಿರೋದು ಕೆಲಸದ ಗುಣಮಟ್ಟಕ್ಕೆ ಪ್ಲಸ್ ಅಲ್ಲ, ಮೈನಸ್ ಅಂತ ಕಂಡುಬಂತು ಅಂತ. ಅವರ ಊಹೆ ಏನೆಂದರೆ, ಸ್ಪರ್ಧಿಗಳು ಬೇಗ ಮುಗಿಸಿ ಮುಂದಿನದಕ್ಕೆ ಹಾರುವವರು, ಕೆಲಸಕ್ಕೆ ತಾಳ್ಮೆ ಬೇಕು. ಇದನ್ನು ಹಿಡಿದುಕೊಂಡು 'ಸಿಪಿ ವೇಸ್ಟ್' ಅನ್ನುವವರು ಇವತ್ತಿಗೂ ಇದ್ದಾರೆ. ಸ್ವಲ್ಪ ನಿಲ್ಲಿ. ನೀವು ಥಿಯೇಟರಿಗೆ ಹೋಗೋದು ಒಂದೋ ಹಾಡು ಚೆನ್ನಾಗಿದೆ ಅಂತ, ಇಲ್ಲಾ ಕಥೆ ಚೆನ್ನಾಗಿದೆ ಅಂತ. ಎರಡೂ ಇಲ್ಲದ ಸಿನಿಮಾಕ್ಕೆ ನೀವು ಹೋಗೋದೇ ಇಲ್ಲ. ಹಾಗಾಗಿ ನೀವು ನೋಡಿದ ಸಿನಿಮಾಗಳಲ್ಲಿ, ಹಾಡು ಚೆನ್ನಾಗಿರುವುದರಲ್ಲಿ ಕಥೆ ಸಪ್ಪೆ ಅಂತ ಕಾಣಿಸುತ್ತದೆ. ಹಾಡು ಕಥೆಯನ್ನು ಕೆಡಿಸಿತಾ? ಇಲ್ಲ, ಆಯ್ಕೆ ಮಾಡಿದ್ದು ನೀವು. ಗೂಗಲ್ ಬಾಗಿಲು ದಾಟಿದವರ ಲೆಕ್ಕವೂ ಇದೇ ಥರದ್ದು. ಸ್ಪರ್ಧೆಯಿಂದ ಕೆಲಸ ಕೆಡುತ್ತದೆ ಅಂತ ಅದರಿಂದ ಹೇಳೋಕೆ ಬರೋದಿಲ್ಲ.

ನಮ್ಮಲ್ಲಂತೂ ಈ ಆಟ ನೌಕರಿಯ ಗೇಟ್‌ಪಾಸ್ ಆಗಿಬಿಟ್ಟಿದೆ. 2009ರಲ್ಲಿ ಮುಂಬೈನ ಡೈರೆಕ್ಟಿ ಕಂಪನಿ ಕೋಡ್‌ಶೆಫ್ ಶುರು ಮಾಡಿತು. 2020ರಲ್ಲಿ ಅದು ಬೆಂಗಳೂರಿನ ಅನ್‌ಅಕಾಡೆಮಿ ಕೈಸೇರಿತು. ಹ್ಯಾಕರ್‌ಅರ್ಥ್ ಕೂಡ ಬೆಂಗಳೂರಿನದೇ. ಕ್ಯಾಂಪಸ್ ಆಯ್ಕೆಯ ಮೊದಲ ಸುತ್ತು ಅಂದರೆ ಇಂಥದೇ ಪ್ರಶ್ನೆ, ಇಂಥದೇ ಜಡ್ಜ್. ದಾವಣಗೆರೆಯ ಹುಡುಗಿಗೂ ಕಲಬುರಗಿಯ ಹುಡುಗನಿಗೂ ಇದರಿಂದ ಒಂದು ನ್ಯಾಯ ಸಿಕ್ಕಿತು ಅಂತ ನಾನು ನಂಬುತ್ತೇನೆ. ಇಂಗ್ಲಿಷ್ ತಡವರಿಸಿದರೂ ಪ್ರೋಗ್ರಾಂ ಓಡಿದರೆ ಸಾಕಿತ್ತು. ಈಗ ಆ ನ್ಯಾಯಕ್ಕೇ ಕುತ್ತು ಬಂದಿದೆ.

ಹೇಗೆ ಅಂತೀರಾ? ನಾನು ಮರೆಯಬೇಡಿ ಅಂದಿದ್ದೆನಲ್ಲ, ಆ ಜಡ್ಜ್. ಕೃತಕ ಬುದ್ಧಿಮತ್ತೆಗೆ ಪಾಠ ಹೇಳುವವರಿಗೆ ದೊಡ್ಡ ತಲೆನೋವು ಏನು ಗೊತ್ತಾ? ಯಂತ್ರ ಕೊಟ್ಟ ಉತ್ತರ ಸರಿಯೋ ತಪ್ಪೋ ಅಂತ ಹೇಳುವವರು ಯಾರು? ಕವನಕ್ಕೆ ಅಂಕ ಕೊಡೋದು ಕಷ್ಟ. ಆದರೆ ಪ್ರೋಗ್ರಾಮಿಂಗ್ ಸ್ಪರ್ಧೆಯಲ್ಲಿ ಸಾವಿರಾರು ಪ್ರಶ್ನೆ, ಪ್ರತಿಯೊಂದಕ್ಕೂ ಕ್ಷಣದಲ್ಲಿ ಸರಿ-ತಪ್ಪು ಹೇಳುವ ಜಡ್ಜ್ ರೆಡಿ ಇದೆ. ರಷ್ಯಾದ ಸಾರಾಟೊವ್‌ನ ಮೈಕ್ ಮಿರ್ಜಯಾನೊವ್ 2010ರಲ್ಲಿ ಹುಡುಗರ ಅಭ್ಯಾಸಕ್ಕೆಂದು ಶುರು ಮಾಡಿದ ಕೋಡ್‌ಫೋರ್ಸಸ್ ತಾಣದ ಪ್ರಶ್ನೆಗಳೇ ಯಂತ್ರಕ್ಕೆ ಪಠ್ಯಪುಸ್ತಕವಾದವು. 2022ರ ಫೆಬ್ರವರಿಯಲ್ಲಿ ಡೀಪ್‌ಮೈಂಡ್‌ನ ಆಲ್ಫಾಕೋಡ್ ಅಲ್ಲಿ ಸರಾಸರಿ ಸ್ಪರ್ಧಿಯ ಮಟ್ಟ ಮುಟ್ಟಿತು. 2024ರ ಮಾರ್ಚ್‌ನಲ್ಲಿ ತಾನೇ ಪ್ರೋಗ್ರಾಂ ಬರೆಯುವ 'ಡೆವಿನ್' ಬಂತು. ಅದನ್ನು ತಂದ ಕಾಗ್ನಿಷನ್ ಕಂಪನಿಯ ಮುಖ್ಯಸ್ಥ ಸ್ಕಾಟ್ ವು, ಒಲಿಂಪಿಯಾಡ್‌ನಲ್ಲಿ ಮೂರು ಚಿನ್ನ ಗೆದ್ದ ಅಮೆರಿಕದ ಹುಡುಗ. ತಮ್ಮ ಸಣ್ಣ ತಂಡದಲ್ಲೇ ಹತ್ತು ಒಲಿಂಪಿಯಾಡ್ ಚಿನ್ನ ಇವೆ ಅಂತ ಕಂಪನಿ ಹೇಳಿಕೊಂಡಿತ್ತು. ಗರಡಿಯಲ್ಲಿ ಬೆಳೆದ ಪೈಲ್ವಾನರೇ ಗರಡಿಯ ಮಣ್ಣಿನಿಂದ ಹೊಸ ಪೈಲ್ವಾನನನ್ನು ಮಾಡಿ ನಿಲ್ಲಿಸಿದ ಹಾಗೆ.

2025ರ ಜುಲೈನಲ್ಲಿ ಟೋಕಿಯೊದಲ್ಲಿ ಇಬ್ಬರೂ ಎದುರಾದರು. ಆಟ್‌ಕೋಡರ್ ವಿಶ್ವ ಫೈನಲ್, ಹತ್ತು ಗಂಟೆಯ ಒಂದೇ ಪ್ರಶ್ನೆ. ಆಯ್ದ 12 ಜನ ಮನುಷ್ಯರು, ಜೊತೆಗೆ ಓಪನ್‌ಎಐನ ಒಂದು ಯಂತ್ರ. ಪೋಲೆಂಡಿನ ಪ್ಷೆಮಿಸ್ವಾಫ್ ದೆಂಬ್ಯಾಕ್, ಸ್ಪರ್ಧೆಯಲ್ಲಿ 'ಸೈಹೋ' ಅಂತ ಹೆಸರು, ನಿದ್ದೆಗೆಟ್ಟು ಕೂತು ಮೊದಲ ಸ್ಥಾನ ಗೆದ್ದರು. ಯಂತ್ರಕ್ಕೆ ಎರಡನೇ ಸ್ಥಾನ. ಈ ದೆಂಬ್ಯಾಕ್ ಯಾರು? ಹಿಂದೆ ಓಪನ್‌ಎಐನಲ್ಲೇ ಇದ್ದವರು. ಡೋಟಾ ಎಂಬ ವಿಡಿಯೊ ಗೇಮ್‌ನಲ್ಲಿ ಮನುಷ್ಯ ಚಾಂಪಿಯನ್‌ಗಳನ್ನು ಸೋಲಿಸಿದ ಯಂತ್ರ ಕಟ್ಟಿದ ತಂಡದಲ್ಲಿ ನಮ್ಮ ಪಹೋತ್ಸ್ಕಿ ಜೊತೆಗೇ ಕೆಲಸ ಮಾಡಿದವರು!

ಎರಡೇ ತಿಂಗಳು. ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್‌ನ ಬಾಕುವಿನಲ್ಲಿ ಐಸಿಪಿಸಿ ವಿಶ್ವ ಫೈನಲ್. 139 ತಂಡ, 12 ಪ್ರಶ್ನೆ, ಐದು ಗಂಟೆ. ಯಂತ್ರಗಳನ್ನು ಬೇರೆಯೇ ಸಾಲಿನಲ್ಲಿ ಕೂರಿಸಿದ್ದರು, ಶ್ರೇಯಾಂಕ ಪಟ್ಟಿಯಲ್ಲಿ ಸೇರಿಸಿರಲಿಲ್ಲ. ಗೂಗಲ್‌ನ ಜೆಮಿನಿ 10 ಬಿಡಿಸಿತು. ಪಹೋತ್ಸ್ಕಿ ಮುಖ್ಯ ವಿಜ್ಞಾನಿಯಾಗಿರುವ ಓಪನ್‌ಎಐನ ಯಂತ್ರ ಹನ್ನೆರಡಕ್ಕೆ ಹನ್ನೆರಡೂ ಬಿಡಿಸಿತು. ಅದರಲ್ಲಿ ಒಂದು ಪ್ರಶ್ನೆಯನ್ನು 139 ತಂಡಗಳಲ್ಲಿ ಒಂದೂ ಬಿಡಿಸಿರಲಿಲ್ಲ. ಮನುಷ್ಯರಲ್ಲಿ ಮೊದಲು ಬಂದದ್ದು 11 ಪ್ರಶ್ನೆ ಬಿಡಿಸಿದ ಸೇಂಟ್ ಪೀಟರ್ಸ್‌ಬರ್ಗ್ ಸರ್ಕಾರಿ ವಿಶ್ವವಿದ್ಯಾಲಯ, 25 ವರ್ಷದ ಹಿಂದೆ ನಿಕೊಲಾಯ್ ದುರೊವ್ ಗೆದ್ದುಕೊಟ್ಟ ಅದೇ ವಿಶ್ವವಿದ್ಯಾಲಯ. ಮೂವರು ಸ್ಪರ್ಧಿಗಳು, ಒಂದೇ ಕಂಪ್ಯೂಟರ್. ಚಾಂಪಿಯನ್ ಟ್ರೋಫಿ ಅವರಿಗೇ ಹೋಯಿತು.