ರೇಬಿಸ್‌ಗೆ ಕಂಪ್ಯೂಟರ್ ಮದ್ದು ಕಂಡುಹಿಡಿಯಿತೇ?

“ಈ ಮೂಲಿಕೆ ವೈರಸ್ಸಿನ ಪ್ರೋಟೀನನ್ನು ಕಟ್ಟಿಹಾಕುತ್ತದೆ, ಕಂಪ್ಯೂಟರ್‌ನಲ್ಲಿ ಸಾಬೀತಾಗಿದೆ” ಎಂಬಂಥ ಸಂದೇಶ ನಿಮ್ಮ ವಾಟ್ಸ್ಆ್ಯಪ್‌ಗೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ. ಅದು ಹೆಚ್ಚೆಂದರೆ ಅರ್ಧ ನಿಜ. ನಾಯಿ ಕಚ್ಚಿದಾಗ ಅರ್ಧ ನಿಜವನ್ನು ನಂಬಿದರೆ ಜೀವಕ್ಕೇ ಅಪಾಯ.

ಪ್ರೋಟೀನುಗಳಿಗೂ ರೋಗಕ್ಕೂ ಏನು ಸಂಬಂಧ?

ನಮ್ಮ ಜೀವಕೋಶಗಳಲ್ಲಿ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು, ಬಿಟ್ಟುಕೊಂಡು ಕೆಲಸ ಮಾಡುತ್ತವೆ. ವೈರಸ್ ಈ ಜೋಡಿಗಳ ನಡುವೆ ನುಸುಳುತ್ತದೆ. ಉದಾಹರಣೆಗೆ, ರೇಬಿಸ್ ವೈರಸ್ಸಿನ ‘ಪಿ’ ಪ್ರೋಟೀನ್ ನಮ್ಮ ‘ಸ್ಟ್ಯಾಟ್’ ಪ್ರೋಟೀನುಗಳನ್ನು ಹಿಡಿದುಕೊಳ್ಳುತ್ತದೆ. ವೈರಸ್ ಬಂದಿದೆ ಎಂಬ ಎಚ್ಚರಿಕೆಯನ್ನು ಕೋಶದ ನ್ಯೂಕ್ಲಿಯಸ್ಸಿಗೆ ಮುಟ್ಟಿಸುವುದು ಇವೇ. ಇವು ಸಿಕ್ಕಿಬಿದ್ದರೆ ಕೋಶದ ರಕ್ಷಣೆ ಕುಂದುತ್ತದೆ.

ಕಂಪ್ಯೂಟರ್ ಮಾಡುವುದೇನು?

ಮೊದಲು, ಯಾವ ಪ್ರೋಟೀನ್ ಯಾವುದರ ಜೊತೆ ಸೇರುತ್ತದೆ ಎಂಬ ಪಟ್ಟಿ ಬೇಕು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆ ಸೇರಿ 2003ರಲ್ಲಿ ಪ್ರಕಟಿಸಿದ ‘ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್’ ಅಂಥ ಪಟ್ಟಿ. ಜೀವವಿಜ್ಞಾನಿಗಳು ಸಂಶೋಧನಾ ಲೇಖನಗಳನ್ನು ಒಂದೊಂದಾಗಿ ಓದಿ ಅದನ್ನು ತುಂಬಿದರು.

ಜಯನಗರದ ಪಕ್ಕದಲ್ಲೇ ಇರುವ ನಿಮ್ಹಾನ್ಸ್‌ನ ವಿಜ್ಞಾನಿಗಳು ಇದೇ ಸಂಸ್ಥೆಯ ಜೊತೆ ಸೇರಿ, ರೇಬಿಸ್‌ನಿಂದ ಮೃತಪಟ್ಟವರ ಮತ್ತು ರೇಬಿಸ್ ಇಲ್ಲದವರ ಮಿದುಳಿನ ಪ್ರೋಟೀನುಗಳನ್ನು ಹೋಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಇದು ರೋಗವನ್ನು ಅರಿಯುವ ಕೆಲಸ, ಮದ್ದಿನ ಘೋಷಣೆಯಲ್ಲ.

ಹಾಗಾದರೆ ಮೂಲಿಕೆಯ ಸುದ್ದಿ?

ಬೀಗಕ್ಕೆ ಕೀಲಿ ಹೊಂದಿಸಿದಂತೆ, ಪ್ರೋಟೀನಿಗೆ ಯಾವ ಅಣು ಕೂರಬಹುದು ಎಂದು ಕಂಪ್ಯೂಟರ್ ಲೆಕ್ಕಹಾಕುತ್ತದೆ. ಇದಕ್ಕೆ ‘ಡಾಕಿಂಗ್’ ಎನ್ನುತ್ತಾರೆ. ಪರದೆಯ ಮೇಲೆ ಕೂತ ಅಣು ದೇಹದಲ್ಲಿ ಮಿದುಳನ್ನೇ ತಲುಪದಿರಬಹುದು, ವಿಷವೂ ಆಗಬಹುದು. ಅದು ಕೋಶಗಳಲ್ಲಿ, ಪ್ರಾಣಿಗಳಲ್ಲಿ, ಕೊನೆಗೆ ಮನುಷ್ಯರಲ್ಲಿ ಪರೀಕ್ಷೆಗಳನ್ನು ಗೆದ್ದರೆ ಮಾತ್ರ ಔಷಧಿ. ಡಾಕಿಂಗ್ ಮೊದಲ ಸುತ್ತಿನ ಆಯ್ಕೆ, ಅಷ್ಟೇ.

ನಾಯಿ ಕಚ್ಚಿದರೆ ಏನು ಮಾಡಬೇಕು?

• ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ.
• ಸುಣ್ಣ, ಖಾರದಪುಡಿ, ಅರಿಶಿನ ಹಚ್ಚಬೇಡಿ.
• ತಡಮಾಡದೆ ಆಸ್ಪತ್ರೆಗೆ ಹೋಗಿ. ವೈದ್ಯರು ಹೇಳಿದ ಲಸಿಕೆಯ ಎಲ್ಲ ಡೋಸ್ ಮುಗಿಸಿ.
• ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಬೇಕೇ ಎಂದು ಕೇಳಿ.

ನಮ್ಮ ತೀರ್ಮಾನ: ದಾರಿ ತಪ್ಪಿಸುವ ಸಂದೇಶ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಬಹಳ ಅಪರೂಪ. ಅದಕ್ಕೂ ಮೊದಲೇ ಸಮಯಕ್ಕೆ ಸರಿಯಾಗಿ ಲಸಿಕೆ ಪಡೆದರೆ ರೋಗವನ್ನು ತಡೆಯಬಹುದು. ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ ಇದನ್ನು ಮಾಡಿ.