ಹೊಸ್ತಿಲವರೆಗಿನ ದೀಪ

ಗಂಡಸರು ಒಂದೆಡೆ ಕೂಡುವುದು ಲೋಕದಲ್ಲಿ ಹೊಸ ಸಂಗತಿಯೇನಲ್ಲ. ಸಂತೆಯಲ್ಲಿ ಕೂಡುತ್ತಾರೆ, ಸಭೆಯಲ್ಲಿ ಕೂಡುತ್ತಾರೆ, ಜಗಳಕ್ಕೂ ಕೂಡುತ್ತಾರೆ, ಜಗಳ ತೀರಿಸುವ ಪಂಚಾಯಿತಿಗೂ ಕೂಡುತ್ತಾರೆ. ಆದರೆ ಗಂಡಸುತನವೆಂದರೇನು, ಅಣ್ಣತಮ್ಮಿಕೆಯೆಂದರೇನು ಎಂದು ಕೇಳಿಕೊಳ್ಳುವುದಕ್ಕಾಗಿಯೇ ಕೂಡುವುದು ಅಪರೂಪ. ಅಮೆರಿಕದ ಕವಿ ರಾಬರ್ಟ್ ಬ್ಲೈ 1990ರಲ್ಲಿ 'ಐರನ್ ಜಾನ್' ಎಂಬ ಪುಸ್ತಕವನ್ನು ಪ್ರಕಟಿಸಿದರು. ಜರ್ಮನಿಯ ಗ್ರಿಮ್ ಸಹೋದರರು ಸಂಗ್ರಹಿಸಿದ ಒಂದು ಜನಪದ ಕಥೆಯನ್ನು ಹಿಡಿದು, ಇಂದಿನ ಗಂಡಸಿನ ಒಳಗಿನ ಬರಡುತನವನ್ನು ಅವರು ಅದರಲ್ಲಿ ಚರ್ಚಿಸಿದ್ದಾರೆ. ಆ ಕಾಲದಲ್ಲಿ ಅಲ್ಲಿನ ಗಂಡಸರು ಊರಾಚೆಯ ಕಾಡಿನ ಬಿಡಾರಗಳಲ್ಲಿ ಸೇರಿ, ವೃತ್ತವಾಗಿ ಕುಳಿತು, ವಾದ್ಯಗಳನ್ನು ಬಾರಿಸಿ, ತಂದೆಯೊಡನೆ ಆಡದೆ ಉಳಿದ ಮಾತುಗಳನ್ನು ಅಪರಿಚಿತರ ಎದುರು ಆಡಿಕೊಳ್ಳುತ್ತಿದ್ದರಂತೆ.

ಇದನ್ನು ಓದಿದಾಗ ನನಗೆ ಮೊದಲು ನಗು ಬಂತು. ಆಮೇಲೆ ನಮ್ಮೂರು ನೆನಪಾಯಿತು. ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲ್ಲೂಕಿನ ನಾರ್ವೆ ನಮ್ಮೂರು. ಅಲ್ಲಿನ ಗಂಡಸರು ತಮ್ಮ ಮನಸ್ಸಿನ ಅಳಲನ್ನು ಇನ್ನೊಬ್ಬ ಗಂಡಸಿನ ಮುಂದೆ ಬಿಚ್ಚುವವರಲ್ಲ. ಮಳೆಯ ವಿಷಯ, ತೋಟದ ಕೊಳೆರೋಗದ ವಿಷಯ, ಅಡಕೆಯ ಧಾರಣೆಯ ವಿಷಯ ಎಷ್ಟು ಹೊತ್ತಾದರೂ ಮಾತನಾಡಿಯಾರು. ತಮ್ಮ ವಿಷಯ ಅರ್ಧ ವಾಕ್ಯದಲ್ಲಿ ಮುಗಿಯುತ್ತದೆ. ಆದರೂ ವರ್ಷದಲ್ಲಿ ಮೂರು ರಾತ್ರಿ ಅವರು ಕೂಡುತ್ತಿದ್ದರು. ವೃತ್ತವಾಗಿ ಕೂರುತ್ತಿರಲಿಲ್ಲ, ಒಂದು ದೀಪದ ಹಿಂದೆ ಸಾಲಾಗಿ ನಡೆಯುತ್ತಿದ್ದರು. ಮಲೆನಾಡಿನವರಿಗೆ ಇದರ ಹೆಸರನ್ನು ಹೇಳಬೇಕಾಗಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ತೀರ್ಥಹಳ್ಳಿಯ ಕಡೆ ಇದು ಅಂಟಿಗೆ-ಪಂಟಿಗೆ. ಸಾಗರದ ಕಡೆ ಇದನ್ನೇ ಹಬ್ಬ ಹಾಡುವುದು ಎನ್ನುತ್ತಾರೆ.

ಈ ಪದ್ಧತಿಯ ಬೆಲೆ ತಿಳಿಯಬೇಕಾದರೆ ನಮ್ಮ ನಾಡು ಗಂಡಸುತನವನ್ನು ಹಿಂದೆ ಯಾವ ಕೊಳಗದಿಂದ ಅಳೆಯುತ್ತಿತ್ತು ಎಂಬುದನ್ನು ಸ್ವಲ್ಪ ನೋಡಬೇಕು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯದು. ಅದರ ಕಾಲ ಸುಮಾರು ಕ್ರಿ.ಶ. 450 ಎಂದು ವಿದ್ವಾಂಸರು ಗಣಿಸುತ್ತಾರೆ. ಅದು ಹೇಳುವುದೇನು? ಯುದ್ಧದಲ್ಲಿ ಕಾದಿದ ವಿಜ ಅರಸನೆಂಬ ವೀರನಿಗೆ ಹಲ್ಮಿಡಿಯನ್ನೂ ಮೂಳಿವಳ್ಳಿಯನ್ನೂ 'ಬಾಳ್ಗಳ್ಚು' ಆಗಿ ಕೊಟ್ಟರೆಂದು. ಬಾಳ್ಗಳ್ಚು ಎಂದರೆ ಕತ್ತಿ ತೊಳೆದದ್ದಕ್ಕೆ ಸಂದ ಕೊಡುಗೆ. ನಮ್ಮ ಭಾಷೆ ಕಲ್ಲಿನ ಮೇಲೆ ತೊದಲು ನುಡಿಯುವ ಹೊತ್ತಿಗೇ ಗಂಡಸಿನ ಬೆಲೆ ಅವನ ಕತ್ತಿಗೆ ಅಂಟಿದ ರಕ್ತದಲ್ಲಿತ್ತು ಎಂದಾಯಿತು.

ಅಲ್ಲಿಂದ ಮುಂದೆ ನಾಡಿನ ತುಂಬ ವೀರಗಲ್ಲುಗಳು ಎದ್ದವು. ಹಲವು ಕಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ತುರುಗೋಳಿನಲ್ಲಿ ದನಗಳನ್ನು ಬಿಡಿಸಲು ಹೋಗಿ ಸತ್ತವನು, ಪೆಣ್ಬುಯ್ಯಲಿನಲ್ಲಿ ಹೆಂಗಸರ ಕೂಗಿಗೆ ಓಗೊಟ್ಟು ಸತ್ತವನು, ಊರಳಿವಿನಲ್ಲಿ ಊರ ಬಾಗಿಲಲ್ಲಿ ಸತ್ತವನು, ಇವರೆಲ್ಲ ಕಲ್ಲಾಗಿ ನಿಂತಿದ್ದಾರೆ. ಇವರನ್ನು ಹಗುರವಾಗಿ ಕಾಣಲಾಗದು. ತಮ್ಮದಲ್ಲದ ಹಸುವಿಗಾಗಿ ಪ್ರಾಣ ಬಿಟ್ಟವರೂ ಇವರಲ್ಲಿದ್ದಾರೆ. ಗಂಡಸರ ನಡುವಣ ನಂಟು ಇನ್ನೂ ಬಿಗಿಯಾದಾಗ ಗರುಡರು ಬಂದರು. ಇವರು ಒಡೆಯನೊಡನೆ ಸಾಯುತ್ತೇವೆಂದು ಭಾಷೆ ತೊಟ್ಟವರು. ಹೊಯ್ಸಳ ಎರಡನೆಯ ವೀರಬಲ್ಲಾಳ 1220ರ ವೇಳೆಗೆ ತೀರಿಕೊಂಡಾಗ ಕುವರ ಲಕ್ಷ್ಮನು ಆ ಭಾಷೆಯನ್ನು ನಡೆಸಿದ ಸಂಗತಿಯನ್ನು ಹಳೇಬೀಡಿನ ದೇವಾಲಯದ ಬಳಿಯ ಕಂಬ ಇಂದಿಗೂ ಹೇಳುತ್ತದೆ. ಘಟ್ಟದ ಕೆಳಗೆ ತುಳುನಾಡಿಗೆ ಹೋದರೆ ಕೋಟಿ-ಚೆನ್ನಯರೆಂಬ ಅವಳಿ ವೀರರ ಗರಡಿಗಳಿವೆ. ಅಲ್ಲಿಯೂ ಅಣ್ಣತಮ್ಮಂದಿರ ಪ್ರೀತಿ ನಮಗೆ ಕಾಣುವುದು ಆಯುಧದ ಹೊಳಪಿನಲ್ಲಿ.

ನಮ್ಮ ಮಲೆನಾಡಿನಲ್ಲಿ ಈ ಸಂಪ್ರದಾಯದ ಕೊನೆಯ ಕೊಂಡಿ ಬೇಟೆ. ಸೋವಿನವರು ಕಾಡನ್ನು ಕೂಗಿ ಕಲಕುವುದು, ಕೋವಿಯವರು ಬಿಲ್ಲಿಗೆ ಕೂರುವುದು, ಬಿದ್ದ ಮಿಗವನ್ನು ಪಾಲು ಮಾಡುವುದು, ಇದಕ್ಕೆಲ್ಲ ಕಟ್ಟುನಿಟ್ಟಾದ ಕ್ರಮವಿತ್ತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಓದಿದವರಿಗೆ ಕೋವಿಯ ಸುತ್ತ ಬೆಳೆಯುತ್ತಿದ್ದ ಆ ಗೆಳೆತನದ ರುಚಿ ಗೊತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಕಾಡು ಉಳಿಯಬೇಕಾದರೆ ಅದು ಬರಲೇಬೇಕಾಗಿತ್ತು. ಆದರೆ ಕೋವಿ ಗೋಡೆಗೆ ಏರಿದ ಮೇಲೆ ಗಂಡಸರು ಕೂಡಲು ಉಳಿದ ನೆಪವೇನು? ಆಗ ಕಣ್ಣಿಗೆ ಬೀಳುವುದು, ಅಷ್ಟು ಕಾಲ ಬೇಟೆಯ ಮಗ್ಗುಲಲ್ಲೇ ಸದ್ದಿಲ್ಲದೆ ನಡೆದು ಬಂದಿದ್ದ ಈ ದೀಪ.

ಅಂಟಿಸು ಎಂದರೆ ಹೊತ್ತಿಸು ಎಂಬ ಬಳಕೆ ನಮ್ಮಲ್ಲಿ ಉಂಟು. ಅಂಟಿಗೆ ಎಂಬ ಮಾತನ್ನು ಅದಕ್ಕೆ ಸಂಬಂಧಿಸಿ ಹೇಳುವುದುಂಟು. ದೀಪಾವಳಿಯ ಹೊತ್ತಿಗೆ ಊರಿನ ಏಳೆಂಟು ಗಂಡಸರು ದೇವಸ್ಥಾನದಲ್ಲಿ ದೀಪ ಹೊತ್ತಿಸಿಕೊಂಡು ಹೊರಡುತ್ತಾರೆ. ಒಬ್ಬ ದೀಪ ಹಿಡಿಯುವವ, ಒಬ್ಬ ಹಾಡು ಎತ್ತಿಕೊಡುವವ, ಉಳಿದವರು ಸೊಲ್ಲು ಹಿಡಿಯುವವರು. ಮಲೆನಾಡಿನ ಮನೆಗಳು ಗುಂಪಾಗಿಲ್ಲ. ಇಲ್ಲೊಂದು ಕಣಿವೆಯಲ್ಲಿ, ಅಲ್ಲೊಂದು ದರೆಯ ಮೇಲೆ. ಗದ್ದೆಯಂಚು, ಹಳ್ಳದ ಸಂಕ, ತೋಟದ ತಡಮೆ, ಇಬ್ಬನಿ, ಕತ್ತಲೆ ಇವನ್ನೆಲ್ಲ ದಾಟಿ ಆ ದೀಪವನ್ನು ಆರದಂತೆ ಒಯ್ಯಬೇಕು. ಮನೆಯ ಮುಂದೆ ನಿಂತು ಬಾಗಿಲು ತೆರೆಯಿರೆಂದು ಹಾಡಿನಲ್ಲೇ ಬೇಡಬೇಕು. ಮನೆಯವರು ಬಾಗಿಲು ತೆರೆದು, ಆ ದೀಪದಿಂದ ತಮ್ಮ ದೀಪವನ್ನು ಹೊತ್ತಿಸಿಕೊಂಡು, ಅದಕ್ಕೆ ಎಣ್ಣೆ ಎರೆದು, ಅಕ್ಕಿ ಕಾಯಿ ಕಾಸು ಕೊಟ್ಟು ಕಳುಹಿಸುತ್ತಾರೆ. ಮನೆಯನ್ನು ಹರಸಿ, ತಂಡ ಮುಂದಿನ ಮನೆಗೆ ನಡೆಯುತ್ತದೆ. ಕೂಡಿಬಂದದ್ದರಿಂದ ಕೊನೆಗೊಂದು ದಿನ ಪೂಜೆ, ಎಲ್ಲರಿಗೂ ಊಟ.

ಇಲ್ಲಿ ಗಮನಿಸಬೇಕಾದ ಮೂರು ಸಂಗತಿಗಳಿವೆ. ಮೊದಲನೆಯದು, ದೀಪ. ಮನೆಯಲ್ಲಿ ದೀಪ ಹಚ್ಚುವುದು, ಎಣ್ಣೆ ಎರೆಯುವುದು, ಗಾಳಿಗೆ ಸೆರಗು ಮರೆಮಾಡುವುದು ಹೆಂಗಸರ ಕೆಲಸವೆಂದೇ ನಡೆದುಬಂದಿತ್ತು. ಈ ಮೂರು ರಾತ್ರಿ ಕೋವಿ ಹಿಡಿದ ಕೈಯೇ ದೀಪಕ್ಕೆ ಮರೆಯಾಗುತ್ತದೆ. ಎರಡನೆಯದು, ಬೇಡುವುದು. ಹಗಲಿನಲ್ಲಿ ಅಪ್ಪಣೆ ಕೊಡುವ ಗಂಡಸು ರಾತ್ರಿ ಮುಚ್ಚಿದ ಬಾಗಿಲ ಮುಂದೆ ನಿಂತು ತೆರೆಯುವವರೆಗೂ ಹಾಡಬೇಕು, ತಳ್ಳುವ ಹಾಗಿಲ್ಲ. ಮೂರನೆಯದು, ಬಲಿ. ಪಾಡ್ಯದ ದಿನ ನಾವು ನೆನೆಯುವ ಬಲೀಂದ್ರ ಗೆದ್ದ ಅರಸನಲ್ಲ, ಸೋತವನು. ಮೂರು ಹೆಜ್ಜೆ ನೆಲ ಕೊಡುತ್ತೇನೆಂದು ಆಡಿದ ಮಾತಿಗಾಗಿ ತನ್ನ ತಲೆಯನ್ನೇ ಒಡ್ಡಿದವನು. ವೀರಗಲ್ಲು ಕೊಂದು ಸತ್ತವನನ್ನು ನೆನೆದರೆ, ಈ ಹಾಡು ಕೊಟ್ಟು ಕೆಟ್ಟವನನ್ನು ನೆನೆಯುತ್ತದೆ. ನಮ್ಮ ನಾಡಿನಲ್ಲಿ ಗಂಡಸುತನಕ್ಕೆ ಎರಡನೆಯದೊಂದು ಅರ್ಥವೂ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಪುಸ್ತಕದಿಂದ ಇದು ನನಗೆ ತಿಳಿದದ್ದಲ್ಲ. ನಾನು ಹನ್ನೆರಡರ ಹುಡುಗನಾಗಿದ್ದಾಗ, 1973ರ ದೀಪಾವಳಿಯಲ್ಲಿ, ಎಣ್ಣೆಯ ಗಿಂಡಿ ಹಿಡಿಯುವ ಕೆಲಸ ನನಗೆ ಸಿಕ್ಕಿತು. ನಮ್ಮ ತಂದೆ ಸೊಲ್ಲು ಹಿಡಿಯುವವರಲ್ಲಿ ಒಬ್ಬರು. ಅದಕ್ಕೆ ಎರಡು ವರ್ಷ ಹಿಂದೆ ನಮ್ಮ ಮನೆ ಪಾಲಾಗಿತ್ತು. ಪಾಲಿನಲ್ಲಿ ಹೊಲಗದ್ದೆಯ ಲೆಕ್ಕ ಸರಿಹೋಯಿತು. ಗುಡ್ಡದಿಂದ ದಂಬೆಯಲ್ಲಿ ಹರಿದುಬರುವ ನೀರಿನ ಲೆಕ್ಕ ಸರಿಹೋಗಲಿಲ್ಲ. ದೊಡ್ಡಪ್ಪನಿಗೂ ತಂದೆಗೂ ಮಾತು ನಿಂತಿತು. ಎರಡು ಮನೆಗಳ ನಡುವೆ ಒಂದು ಕೋಗು ಗದ್ದೆ. ಈ ಜಗಲಿಯಲ್ಲಿ ಕೆಮ್ಮಿದರೆ ಆ ಜಗಲಿಗೆ ಕೇಳುತ್ತಿತ್ತು.

ದೀಪಕ್ಕೊಂದು ಕಟ್ಟುಪಾಡಿತ್ತು: ಹೊರಟ ದಾರಿಯಲ್ಲಿ ಯಾವ ಮನೆಯನ್ನೂ ಬಿಟ್ಟು ಹೋಗಬಾರದು. ನಡುರಾತ್ರಿ ಕಳೆದ ಮೇಲೆ ದೊಡ್ಡಪ್ಪನ ಮನೆಯ ಸರದಿ ಬಂತು. ತಂದೆ ಉಣುಗೋಲಿನ ಹತ್ತಿರ ನಿಂತುಬಿಟ್ಟರು. ಯಾರೂ ಅವರನ್ನು ಕರೆಯಲಿಲ್ಲ, ಬುದ್ಧಿ ಹೇಳಲಿಲ್ಲ. ಹಾಡು ಎತ್ತಿಕೊಡುವ ಹಿರಿಯರು ಅಂಗಳದಲ್ಲಿ ನಿಂತು, ಹಿಂದಿರುಗಿಯೂ ನೋಡದೆ, ಹಾಡನ್ನೂ ಎತ್ತದೆ ಸುಮ್ಮನೆ ಕಾದರು. ದೀಪದ ಮುಂದೆ ಅಷ್ಟು ಜನ ಗಂಡಸರು ಮಾತಿಲ್ಲದೆ ನಿಂತ ಆ ಹೊತ್ತು ನನ್ನ ಮನಸ್ಸಿನಿಂದ ಇನ್ನೂ ಅಳಿದಿಲ್ಲ. ಕೊನೆಗೆ ತಂದೆ ಬಂದು ಸಾಲಿನ ಹಿಂದೆ ನಿಂತರು. ಹಾಡು ಎದ್ದಿತು. ಬಾಗಿಲು ತೆರೆದವರು ದೊಡ್ಡಮ್ಮ. ದೊಡ್ಡಪ್ಪ ಹೊರಗೆ ಬರಲಿಲ್ಲ. ಆದರೆ ಆ ಮನೆಯ ದೀಪ ನಮ್ಮ ದೀಪದಿಂದ ಹೊತ್ತಿತು. ನನ್ನ ಗಿಂಡಿಗೆ ಅವರ ಮನೆಯ ಎಣ್ಣೆ ಬಿತ್ತು. ಮಾರನೆಯ ವರ್ಷ ಎಣ್ಣೆ ಎರೆಯಲು ದೊಡ್ಡಪ್ಪನೇ ಬಂದರು. ಅಣ್ಣತಮ್ಮಂದಿರು ಅಪ್ಪಿಕೊಂಡರೆಂದು ಹೇಳಿದರೆ ಕಥೆಯಾದೀತು, ಅಪ್ಪಿಕೊಳ್ಳಲಿಲ್ಲ. ದಂಬೆಯ ನೀರು ಮಾತ್ರ ದಿನ ಬಿಟ್ಟು ದಿನ ಈ ಕಡೆಗೂ ಹರಿಯತೊಡಗಿತು. ನಮ್ಮೂರಿನ ಗಂಡಸರ ಭಾಷೆಯಲ್ಲಿ ಅದೇ ಮಾತು.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಹಳೆಯದನ್ನು ಹೊಗಳಿ ಕೈತೊಳೆದುಕೊಂಡಂತಾದೀತು. ಈ ಅಣ್ಣತಮ್ಮಿಕೆಗೆ ಗಡಿಗಳಿದ್ದವು. ಯಾವ ಮನೆಯನ್ನೂ ಬಿಡಬಾರದೆಂಬ ಕಟ್ಟುಪಾಡು ಹೊರಟ ದಾರಿಗೆ ಮಾತ್ರ. ದಾರಿಯನ್ನು ಗೊತ್ತುಮಾಡುವವರು ಯಾರು? ನಾನು ಗಿಂಡಿ ಹಿಡಿದ ತಂಡದ ದಾರಿ ದಲಿತರ ಕೇರಿಯ ಕಡೆಗೆ ತಿರುಗಲಿಲ್ಲ. ಕೇರಿಯ ಮಕ್ಕಳು ಗದ್ದೆಯಾಚೆ ನಿಂತು ದೀಪ ಹೋಗುವುದನ್ನು ನೋಡುತ್ತಿದ್ದರು. ಅಣ್ಣನ ಉಣುಗೋಲನ್ನು ದಾಟಲು ತಂದೆಗೆ ಹಾಡು ನೆರವಾಯಿತು. ಈ ಗದ್ದೆಯಂಚನ್ನು ದಾಟಬೇಕೆಂದು ಹಾಡುವವರಿಗೇ ಹೊಳೆಯಲಿಲ್ಲ. ನಾನೂ ಕೇಳಲಿಲ್ಲ. ಹೆಂಗಸರಾದರೋ ಬಾಗಿಲ ಒಳಗಿನವರು. ನಾನು ಕೇಳಿದ ಹಾಡುಗಳಲ್ಲಿ ತವರಿನ ದಾರಿ ನೋಡುವ ಹೆಣ್ಣಿನ ಮಾತುಗಳಿದ್ದವು. ಅವನ್ನು ಹಾಡುತ್ತಿದ್ದವರೆಲ್ಲ ಗಂಡಸರು. ಆ ಮಾತುಗಳನ್ನು ಮನೆಗೆ ಮರಳಿದ ಮೇಲೆ ಎಷ್ಟು ಜನ ನೆನಪಿಟ್ಟರೋ.

ಒಡೆಯ-ಒಕ್ಕಲುಗಳ ನಡುವೆಯೂ ಹಾಗೆಯೇ. ವರ್ಷಕ್ಕೊಮ್ಮೆ ಒಕ್ಕಲು ಒಡೆಯನ ಮನೆಯನ್ನು ಹರಸುತ್ತಿದ್ದ. ಮಾರನೆಯ ಬೆಳಗ್ಗೆ ಗೇಣಿಯ ಕೊಳಗ ಇದ್ದ ಹಾಗೆಯೇ ಇರುತ್ತಿತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಆ ಕೊಳಗದ ಅಳತೆಯ ಅನ್ಯಾಯದಿಂದಲೇ ಮೊದಲಾದ ಹೋರಾಟ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ ಉಳುವವನಿಗೆ ನೆಲ ಬಂತು. ಹಾಡು ಮಾಡಲಾರದ್ದನ್ನು ಕಾಯಿದೆ ಮಾಡಬೇಕಾಯಿತು. ಆದರೆ ಕಾಯಿದೆ ಮಾಡಲಾರದ್ದೂ ಒಂದಿದೆ: ಅದು ನೀರಿನ ಪಾಲನ್ನು ಗೊತ್ತುಮಾಡೀತು, ತಮ್ಮನನ್ನು ಅಣ್ಣನ ಅಂಗಳಕ್ಕೆ ಕರೆದು ತಂದು ನಿಲ್ಲಿಸಲಾರದು.

ಈಗ ಅಂಟಿಗೆ-ಪಂಟಿಗೆ ವೇದಿಕೆಯನ್ನೂ ಏರಿದೆ. ಸ್ಪರ್ಧೆಗಳಿವೆ, ಬಹುಮಾನಗಳಿವೆ. ಅದರಿಂದ ಹಾಡು ಉಳಿಯುವುದಾದರೆ ಸಂತೋಷವೇ. ಆದರೆ ವೇದಿಕೆಗೆ ಬಾಗಿಲಿಲ್ಲ. ತೆರೆಯುತ್ತಾರೋ ಇಲ್ಲವೋ ಎಂಬ ಅಳುಕು ಅಲ್ಲಿಲ್ಲ. ಊರಿನಲ್ಲಿ ಇನ್ನೂ ದೀಪ ಹೊರಡಿಸುವವರಿದ್ದಾರೆ; ಸಾಲು ಮಾತ್ರ ಚಿಕ್ಕದು. ಹುಡುಗರು ಬೆಂಗಳೂರಿನಲ್ಲಿದ್ದಾರೆ, ಹಬ್ಬಕ್ಕೆ ಬಂದವರು ಎರಡನೆಯ ರಾತ್ರಿಯೇ ಬಸ್ಸು ಹತ್ತಬೇಕು. ಅವರಲ್ಲಿ ಹಲವರು ತಮ್ಮ ಒಂಟಿತನವನ್ನು ಯಾರಲ್ಲಿ ಹೇಳಿಕೊಳ್ಳಬೇಕೆಂದು ತಿಳಿಯದೆ ತೊಳಲುವುದನ್ನು ಅಧ್ಯಾಪಕನಾಗಿ ನಾನು ಬಲ್ಲೆ. ಅವರಿಗೆ ವೃತ್ತವಾಗಿ ಕೂರುವ ಕೂಟಗಳು ಬೇಕಾಗಬಹುದು. ನಾನು ಈಗ ನಗುವುದಿಲ್ಲ. ಮಾತಾಡಿದರೆ ಹಗುರಾಗುವವರು ಮಾತಾಡಲಿ.

ಆದರೆ ಮಾತು ಬಾರದ ಗಂಡಸರೂ ಇದ್ದಾರೆ. ಅಂಥವರಿಗಾಗಿ ನಮ್ಮ ಹಿರಿಯರು ಒಂದು ದಾರಿಯನ್ನು ಕಂಡಿದ್ದರು: ಕೈಗೆ ಆರಬಾರದ ಒಂದು ದೀಪ, ಹಿಂದೆ ಸೊಲ್ಲು ಹಿಡಿಯುವ ನಾಲ್ಕು ಜನ, ಮುಂದೆ ಮುಚ್ಚಿದ ಒಂದು ಬಾಗಿಲು. ಹಾಡು ನಮ್ಮನ್ನು ಅಂಗಳದವರೆಗೆ ಕರೆತಂದೀತು. ಉಣುಗೋಲು ದಾಟುವ ಆ ನಾಲ್ಕು ಹೆಜ್ಜೆಯನ್ನು ನಾವೇ ಇಡಬೇಕು. ಅಂದು ತಿರುಗದೆ ಉಳಿದ ಆ ಕೇರಿಯ ದಾರಿಯನ್ನೂ ನಾವೇ ನಡೆಯಬೇಕು.