ಡೆಕ್ಕನ್‌ನಿಂದ ಕಿಂಗ್‌ಫಿಷರ್‌ವರೆಗೆ: ಗಾಳಿಯ ತಪ್ಪೆಷ್ಟು?

ವಿಮಾನಯಾನ ಸಂಸ್ಥೆಯೊಂದು ಮುಚ್ಚಿದಾಗಲೆಲ್ಲ ಎರಡು ವಿವರಣೆಗಳು ಕೇಳಿಬರುತ್ತವೆ. ನಡೆಸಿದವರು ತೈಲದ ಬೆಲೆಯನ್ನೂ ತೆರಿಗೆಯನ್ನೂ ದೂರುತ್ತಾರೆ. ಸಾಲ ಕೊಟ್ಟವರು ನಡೆಸಿದವರನ್ನು ದೂರುತ್ತಾರೆ. ಬೆಂಗಳೂರಿನಲ್ಲಿ ಬೇರುಬಿಟ್ಟ ಎರಡು ಸಂಸ್ಥೆಗಳ ಚರಿತ್ರೆ ಈ ವಾದವನ್ನು ತೂಗಿ ನೋಡಲು ತಕ್ಕ ತಕ್ಕಡಿ.

1953ರ ಕಾಯಿದೆ ದೇಶದ ವಿಮಾನಯಾನವನ್ನು ಸರ್ಕಾರದ ನಿಗಮಗಳಿಗೆ ವಹಿಸಿತ್ತು. 1994ರಲ್ಲಿ ಅದು ರದ್ದಾಗಿ ಖಾಸಗಿಯವರಿಗೆ ಬಾಗಿಲು ಪೂರ್ತಿ ತೆರೆಯಿತು. ಆದರೆ ಈಸ್ಟ್-ವೆಸ್ಟ್, ದಮಾನಿಯಾ, ಮೋದಿಲುಫ್ಟ್ ಆ ದಶಕ ಮುಗಿಯುವ ಮುನ್ನವೇ ನೆಲ ಹಿಡಿದವು.

2003ರಲ್ಲಿ, ಸೈನ್ಯದಿಂದ ಮರಳಿ ಹಾಸನದ ಸೀಮೆಯಲ್ಲಿ ಬೇಸಾಯ ಮಾಡಿದ್ದ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಆರಂಭಿಸಿದರು. ಅವರು ಪೈಪೋಟಿಗೆ ಆರಿಸಿಕೊಂಡದ್ದು ಬೇರೆ ವಿಮಾನಗಳನ್ನಲ್ಲ, ರೈಲನ್ನು. ಸಣ್ಣ ಎಟಿಆರ್ ವಿಮಾನ, ಹುಬ್ಬಳ್ಳಿಯಂಥ ಊರು, ಉಚಿತ ಊಟವಿಲ್ಲದ ಪಯಣ, ಕೆಲವು ಆಸನಗಳಿಗೆ ಒಂದೇ ರೂಪಾಯಿ ದರ. ವಿಮಾನವನ್ನು ತಲೆಯೆತ್ತಿ ನೋಡುವುದಷ್ಟನ್ನೇ ಬಲ್ಲವರು ಅದರೊಳಗೆ ಕುಳಿತರು.

ಜನ ತುಂಬಿದರೂ ಗಲ್ಲಾಪೆಟ್ಟಿಗೆ ತುಂಬಲಿಲ್ಲ. 2005ರಲ್ಲಿ ಕಿಂಗ್‌ಫಿಷರ್, ಮರುವರ್ಷ ಇಂಡಿಗೋ ಬಂದವು. ದರ ಇಳಿಸುವ ಸ್ಪರ್ಧೆಯಲ್ಲಿ ಟಿಕೆಟ್ಟಿನ ಹಣ ಖರ್ಚಿಗೆ ಸಾಲದಾಯಿತು. ಈ ವ್ಯಾಪಾರದ ಸಂಕಟವೇ ವಿಚಿತ್ರ: ವರಮಾನ ರೂಪಾಯಿಯಲ್ಲಿ, ವಿಮಾನದ ಬಾಡಿಗೆಯೂ ಬಿಡಿಭಾಗಗಳೂ ಡಾಲರಿನಲ್ಲಿ; ಇಂಧನದ ಮೇಲೆ ರಾಜ್ಯಕ್ಕೊಂದು ಮಾರಾಟ ತೆರಿಗೆ. ಮಾರದೆ ಉಳಿದ ಅಕ್ಕಿಯನ್ನು ನಾಳೆ ಮಾರಬಹುದು, ಖಾಲಿ ಹಾರಿದ ಆಸನವನ್ನು ಮಾರಲಾಗದು.

2007ರಲ್ಲಿ ಕಿಂಗ್‌ಫಿಷರ್ ಡೆಕ್ಕನ್ನಿನಲ್ಲಿ ಪಾಲು ಕೊಂಡಿತು. ಮುಂದಿನ ವರ್ಷ ಎರಡೂ ಒಂದಾದವು. ವಿದೇಶಕ್ಕೆ ಹಾರಲು ಐದು ವರ್ಷಗಳ ದೇಶೀಯ ಅನುಭವ ಬೇಕೆಂಬ ನಿಯಮವಿತ್ತು. ಆ ಅನುಭವ ಡೆಕ್ಕನ್ನಿನ ಬಳಿ ಇತ್ತು. ಆದರೆ 2008ರ ಜುಲೈನಲ್ಲಿ ಕಚ್ಚಾ ತೈಲ ಪೀಪಾಯಿಗೆ 147 ಡಾಲರ್ ಮುಟ್ಟಿತು. ವರ್ಷಾಂತ್ಯಕ್ಕೆ ಅದು 40 ಡಾಲರಿಗಿಂತ ಕೆಳಗಿಳಿದಾಗ ಜಗತ್ತಿನ ಆರ್ಥಿಕ ಕುಸಿತ ಪ್ರಯಾಣಿಕರನ್ನೇ ಕಡಿಮೆ ಮಾಡಿತ್ತು. ಇಂಧನ ಅಗ್ಗವಾದರೂ ಅದರ ಪೂರ್ಣ ಫಲ ಸಿಗಲಿಲ್ಲ.

ಹಾಗಾದರೆ ತಪ್ಪು ಗಾಳಿಯದೇ? ಅದೇ ತೈಲ, ಅದೇ ಡಾಲರು, ಅದೇ ತೆರಿಗೆ ಇಂಡಿಗೋವನ್ನೂ ತಟ್ಟಿದವು. ಅದು ಮುಖ್ಯವಾಗಿ ಒಂದೇ ಬಗೆಯ ವಿಮಾನವನ್ನು ನೆಚ್ಚಿತ್ತು. 2005ರಲ್ಲೇ 100 ಏರ್‌ಬಸ್‌ಗಳಿಗೆ ಒಟ್ಟಿಗೆ ಬೇಡಿಕೆಯಿಟ್ಟಿತ್ತು. ಯಾರಿಗೆ ಏನನ್ನು ಮಾರುತ್ತೇನೆಂಬ ಬಗ್ಗೆ ಅದಕ್ಕೆ ಗೊಂದಲವಿರಲಿಲ್ಲ. ಕಿಂಗ್‌ಫಿಷರ್ ಮಾತ್ರ ವೈಭವವನ್ನೂ ಅಗ್ಗವನ್ನೂ ಒಂದೇ ಸೂರಿನಡಿ, ಸಾಲದ ಹಣದಲ್ಲಿ, ನಡೆಸಹೊರಟಿತು. ಒಂದು ವರ್ಷವೂ ಲಾಭ ಕಾಣದೆ 2012ರ ಅಕ್ಟೋಬರಿನಲ್ಲಿ ನಿಂತಿತು.

ಹೊರಗಿನ ಬಿರುಗಾಳಿ ಎಲ್ಲರ ಮೇಲೂ ಬೀಸುತ್ತದೆ. ಯಾರ ಮಾಡು ಹಾರುವುದೆಂಬುದನ್ನು ಕಟ್ಟಿದ ಬಗೆ ಬಹುಮಟ್ಟಿಗೆ ನಿರ್ಧರಿಸುತ್ತದೆ. ಆದರೆ ಬೆಲೆ ತೆತ್ತವರು ಕಟ್ಟಿದವರಷ್ಟೇ ಅಲ್ಲ. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರ ಹೆಸರು, ಸಾಲ ಕೊಟ್ಟ ಸಾರ್ವಜನಿಕ ಬ್ಯಾಂಕುಗಳ ಠೇವಣಿದಾರರ ಹೆಸರು ಈ ಚರಿತ್ರೆಯಲ್ಲಿ ಕಾಣುವುದಿಲ್ಲ. ಡೆಕ್ಕನ್ ಲಾಭ ಗಳಿಸದೆ ಹೋದರೂ ಒಂದು ರೂಢಿಯನ್ನು ಬಿಟ್ಟುಹೋಯಿತು: ಹಬ್ಬಕ್ಕೆ ಊರಿಗೆ ಹೊರಡುವ ಹೊರನಾಡ ಕನ್ನಡಿಗರು ಇಂದು ರೈಲಿನ ದರದ ಪಕ್ಕದಲ್ಲಿ ವಿಮಾನದ ದರವನ್ನೂ ಇಟ್ಟು ನೋಡುತ್ತಾರೆ.